ಡೈವಿಂಗ್ ಬೋಟಿನಲ್ಲಿ ಟಿಪ್ಸ್: ನಾನು ಯಾರಿಗೆ, ಎಷ್ಟು, ಯಾವಾಗ ಕೊಡುತ್ತೇನೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ಬೋಟಿನಲ್ಲಿ ಎಲ್ಲರ ಥ್ಯಾಂಕ್ಸೂ ಒಬ್ಬರಿಗೇ ಹೋಗುತ್ತದೆ: ನೀರೊಳಗೆ ಕೈಹಿಡಿದು ಸುತ್ತಾಡಿಸಿದ ಇನ್‌ಸ್ಟ್ರಕ್ಟರ್‌ಗೆ. ಸೆಲ್ಫಿ ಅವರ ಜೊತೆ, ಟಿಪ್ಸೂ ಅವರ ಕೈಗೆ. ತಪ್ಪೇನಿಲ್ಲ. ಆದರೆ ನೀರಿಗೇ ಇಳಿಯದೆ ಅದೇ ಬೋಟಿನಲ್ಲಿ ಬೆಳಗ್ಗೆಯಿಂದ ದುಡಿಯುವ ಹುಡುಗರೂ ಇರುತ್ತಾರೆ. ನನ್ನ ಟಿಪ್ಸ್ ಲೆಕ್ಕ ಶುರುವಾಗುವುದು ಅವರಿಂದ.

ಅವರ ಕೆಲಸ ಏನು ಅಂತ ಗೊತ್ತಾಗುವುದು ಡೈವ್ ಮುಗಿಸಿ ಏಣಿ ಹಿಡಿದಾಗ. ಅಲೆಗೆ ಏಣಿ ಏರಿಳಿಯುತ್ತಿರುತ್ತದೆ. ಬೆನ್ನ ಮೇಲಿನ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೂ ಸುಮಾರು 14 ಕೆ.ಜಿ. ತೂಗುತ್ತದೆ. ಹುಡುಗ ಮೊದಲು ಕಾಲಿನ ಫಿನ್ಸ್ (ಈಜುರೆಕ್ಕೆ) ಈಸಿಕೊಳ್ಳುತ್ತಾನೆ. ಆಮೇಲೆ ಬಗ್ಗಿ ಸಿಲಿಂಡರಿನ ಕುತ್ತಿಗೆಗೆ ಕೈಹಾಕಿ, ಬೋಟು ವಾಲಿ ಮತ್ತೆ ಏಳುವ ಹೊತ್ತಿಗೆ ಸರಿಯಾಗಿ ಎತ್ತುತ್ತಾನೆ. ನಮಗೆ ಸಲೀಸಾಗಿ ಹತ್ತಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ಅಲೆಗೆ ತಲೆಸುತ್ತಿ ವಾಂತಿ ಮಾಡಿಕೊಂಡವರ ಪಕ್ಕ ನಿಲ್ಲುವವನೂ ಅವನೇ, ಬಕೆಟಿನಲ್ಲಿ ಸಮುದ್ರದ ನೀರು ಎತ್ತಿ ಸುರಿದು ಬೋಟು ತೊಳೆಯುವವನೂ ಅವನೇ. ಮಳೆಗಾಲದಲ್ಲಿ ಡೈವಿಂಗ್ ಪೂರ್ತಿ ಬಂದ್ ಆಗುತ್ತದೆ, ಆಗ ಅವರಿಗೆ ಈ ದುಡಿಮೆಯೂ ಇರುವುದಿಲ್ಲ ಅನ್ನುವುದನ್ನೂ ನೆನಪಿಡಬೇಕು.

ಎಷ್ಟು ಕೊಡಬೇಕು? ಇಲ್ಲಿ ಇಷ್ಟೇ ಅಂತ ರೂಲ್ಸ್ ಏನೂ ಇಲ್ಲ, ಕೊಡದಿದ್ದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ನಾನು ಟ್ರಿಪ್ಪಿಗೆ ಕಟ್ಟಿದ ದುಡ್ಡಿನ ಹತ್ತನೇ ಒಂದು ಭಾಗ ತೆಗೆದಿಡುತ್ತೇನೆ. ಅರ್ಧ ನೀರೊಳಗೆ ಕರೆದುಕೊಂಡು ಹೋದವರಿಗೆ, ಅರ್ಧ ಬೋಟಿನವರಿಗೆ. ಸ್ಟೂಡೆಂಟ್ಸ್ ಆದರೆ ಐವತ್ತು, ನೂರು ಕೊಟ್ಟರೂ ಸಾಕು, ಯಾರೂ ಎಣಿಸುತ್ತಾ ಕೂರುವುದಿಲ್ಲ.

ಕೊಡುವ ಹೊತ್ತು ಮುಖ್ಯ. ದಡ ಮುಟ್ಟಿದ ಮೇಲೆ ಅಂತ ಬಿಟ್ಟರೆ ಆಯಿತು ಕಥೆ. ನಾವು ಬ್ಯಾಗು ಹುಡುಕುತ್ತಿರುತ್ತೇವೆ, ಅವರು ಸಿಲಿಂಡರ್ ಇಳಿಸುತ್ತಿರುತ್ತಾರೆ. ಹಾಗಾಗಿ ವಾಪಸ್ ಬರುವ ದಾರಿಯಲ್ಲೇ ಕೊಡುತ್ತೇನೆ. ಬೋಟು ನಡೆಸುವವರ ಹತ್ತಿರ ಹೋಗಿ, ಹುಡುಗರಿಗೂ ಕೇಳಿಸುವಂತೆ, 'ಅಣ್ಣಾ, ಇದು ನಿಮಗೆಲ್ಲಾ ಸೇರಿ, ಹಂಚ್ಕೊಳ್ಳಿ' ಅನ್ನುತ್ತೇನೆ. ಗುಟ್ಟಾಗಿ ಒಬ್ಬರ ಕೈಗೆ ತುರುಕಿದರೆ ಉಳಿದವರಿಗೆ ತಲುಪಿತೋ ಇಲ್ಲವೋ ಅನ್ನುವ ಅನುಮಾನ ಸುಮ್ನೆ ಯಾಕೆ? ಫೋನ್‌ಪೇ ಮಾಡಿದರೂ ಇದೇ ತೊಂದರೆ, ದುಡ್ಡು ಒಬ್ಬರ ಖಾತೆಗೆ ಹೋಗುತ್ತದೆ. ಚಿಲ್ಲರೆ ನೋಟುಗಳನ್ನು ಹಿಂದಿನ ರಾತ್ರಿಯೇ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟುಕೊಳ್ಳಿ.

ಈ ಶಿಸ್ತು ನನಗೆ ಬಂದಿದ್ದು ಫ್ಲೋರಿಡಾದ ಕೀ ಲಾರ್ಗೋದಲ್ಲಿ. ಅಲ್ಲಿ ಟಿಪ್ಸ್ ಅಂದರೆ ಖುಷಿಗೆ ಕೊಡುವುದಲ್ಲ, ಸಂಬಳದ ಭಾಗವೇ ಅನ್ನಬಹುದು. ಒಂದು ಸಿಲಿಂಡರಿಗೆ, ಅಂದರೆ ಒಂದು ಡೈವ್‌ಗೆ, 5ರಿಂದ 10 ಡಾಲರ್ ಅನ್ನುವುದು ರೂಢಿ. ಎರಡು ಡೈವ್ ಮಾಡಿದರೆ 20 ಡಾಲರ್ ಕೊಟ್ಟು ಇಳಿಯುತ್ತಿದ್ದೆ. 2002ರಲ್ಲಿ ಮುಳುಗಿಸಿದ ಸ್ಪೀಗಲ್ ಗ್ರೋವ್ ಅನ್ನುವ 510 ಅಡಿಯ ಹಡಗು ಅಲ್ಲಿದೆ. ಅದರ ಮೇಲೆ ನೀರಿನ ಸೆಳೆತ ಜೋರಾಗಿರುವ ದಿನವೂ ಬೋಟಿನ ಹುಡುಗರು ಬೋಟನ್ನು ತೇಲುಬುರುಡೆಗೆ (ಬೋಯ್) ಕಟ್ಟಲೇಬೇಕು, ನಾವು ಇಳಿಯುವ ಮುಂಚೆಯೇ. ಆ ಕೆಲಸ ನೋಡಿದ ಮೇಲೆ 20 ಡಾಲರ್ ಜಾಸ್ತಿ ಅನ್ನಿಸಲಿಲ್ಲ. ಮಾಲ್ಡೀವ್ಸ್‌ನಲ್ಲಿ ವಾರಪೂರ್ತಿ ಬೋಟಿನಲ್ಲೇ ಉಳಿಯುವ ಟ್ರಿಪ್ ಆದರೆ ಕೊನೆಯ ರಾತ್ರಿ ಟಿಪ್ಸ್ ಹಾಕಲು ಲಕೋಟೆ ಕೊಡುತ್ತಾರೆ. ಸಿಲಿಂಡರ್ ಹೊತ್ತು ಪಕ್ಕದಲ್ಲಿ ಬರುವ ಧೋನಿ ಅನ್ನುವ ಇನ್ನೊಂದು ಬೋಟಿನವರಿಗೂ ಅದರಲ್ಲಿ ಪಾಲಿದೆಯಾ ಅಂತ ಕೇಳಿಯೇ ಹಾಕಿ.

ಅಲೆ ಜಾಸ್ತಿಯಾಗಿ ಅರ್ಧಕ್ಕೇ ವಾಪಸ್ ಬಂದರೆ? ನೀರು ಮಸುಕಾಗಿ ಏನೂ ಕಾಣದಿದ್ದರೆ? ಆಗಲೂ ಕೊಡುತ್ತೇನೆ. ಅಂಥ ದಿನ ಬೋಟಿನವರ ಕೆಲಸ ಡಬಲ್ ಆಗಿರುತ್ತದೆ.

ನಾನು ಟಿಪ್ಸ್ ಕೊಡದೆ ಕೈ ಬಿಗಿ ಹಿಡಿಯುವುದು ಒಂದೇ ಕಾರಣಕ್ಕೆ. ಒಮ್ಮೆ ಒಬ್ಬ ಗೈಡ್ ವಿಡಿಯೋ ಚೆನ್ನಾಗಿ ಬರಲಿ ಅಂತ ಹೆದರಿದಾಗ ಮೈ ಉಬ್ಬಿಸಿಕೊಳ್ಳುವ ಪಫರ್ ಮೀನನ್ನು ಹಿಡಿದು, ಕೆಣಕಿ, ಚೆಂಡಿನ ಹಾಗೆ ಉಬ್ಬಿಸಿದ. ಜೊತೆಯಲ್ಲಿದ್ದವರೆಲ್ಲ ಖುಷಿಯಾಗಿ ಐನೂರು ಐನೂರು ಕೊಟ್ಟರು. ಹೀಗೆ ಕೊಟ್ಟರೆ ನಾಳೆ ಇನ್ನೊಂದು ಮೀನಿಗೆ ಅದೇ ಗತಿ, ಅಲ್ವಾ? ಆತನಿಗೆ ನಾನು ಏನೂ ಕೊಡಲಿಲ್ಲ, ಯಾಕೆ ಅಂತ ಅವನಿಗೇ ಹೇಳಿದೆ. ಅವನ ಪಾಲೂ ಸೇರಿಸಿ ಬೋಟಿನ ಹುಡುಗರಿಗೆ ಕೊಟ್ಟು ಇಳಿದೆ.