ಮಂಗಳೂರಿನಲ್ಲೇ ಇದ್ದು ಟ್ರೇಡ್‌ಮಾರ್ಕ್ ದಾವೆ ನಡೆಸುವ ವಕೀಲರಾಗಲು

ಬೌದ್ಧಿಕ ಆಸ್ತಿಯ ವಕೀಲಿಕೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬೀಡಿ, ಗೋಡಂಬಿ, ಐಸ್‌ಕ್ರೀಂ, ಹೋಟೆಲು: ಹೆಸರಿನ ಮೇಲೆಯೇ ನಡೆಯುವ ವ್ಯಾಪಾರ ಕರಾವಳಿಯಲ್ಲಿ ಬೇಕಾದಷ್ಟಿದೆ. ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಮೌಲ್ಯ 3 ಲಕ್ಷ ರೂಪಾಯಿ ಮುಟ್ಟಿದರೆ ಅದು ವಾಣಿಜ್ಯ ದಾವೆ.

ಸನ್ನದು ಪಡೆದ ವಕೀಲರಿಗೆ ಟ್ರೇಡ್‌ಮಾರ್ಕ್ ಕೆಲಸಕ್ಕೆ ಬೇರೆ ಪರೀಕ್ಷೆ ಬೇಡ. ಪೇಟೆಂಟ್ ಏಜೆಂಟ್ ಆಗುವುದಕ್ಕೆ ಮಾತ್ರ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಮೊದಲ ಕೆಲವು ವರ್ಷ ಸಿವಿಲ್ ಸೀನಿಯರ್ ಹತ್ತಿರ ಅಸಲು ದಾವೆಗಳನ್ನೇ (ವಿಚಾರಣಾ ನ್ಯಾಯಾಲಯದ ಮೂಲ ಸಿವಿಲ್ ದಾವೆ) ಮಾಡಿ. ಪಾಲಿನ ದಾವೆಯಲ್ಲಿ ದಾಖಲೆಗಳಿಗೆ ನಿಶಾನಿ ಗುರುತಿಸಿ, ಎದುರು ಪಕ್ಷದ ಸಾಕ್ಷಿಯ ಪಾಟಿ ಸವಾಲು ಮಾಡಿ ಕೈ ಪಳಗದವರಿಗೆ ಓದಿದ ತೀರ್ಪುಗಳು ಇಲ್ಲಿ ಕೈಹಿಡಿಯುವುದಿಲ್ಲ.

ಕಕ್ಷಿದಾರರು ನೋಂದಣಿ ಪತ್ರ ಮುಂದಿಡುತ್ತಾರೆ. ನೀವು ಕೇಳಬೇಕಾದದ್ದು ಹಳೆಯ ಬಿಲ್ಲು. ನೋಂದಾಯಿತ ಮಾರ್ಕಿನ ಬಳಕೆ, ನೋಂದಣಿ ಎರಡಕ್ಕಿಂತಲೂ ಮೊದಲಿನ ನಿರಂತರ ಬಳಕೆಗೆ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಂ ರಕ್ಷಣೆ ಕೊಡುತ್ತದೆ, ಎದುರಾಳಿ ಅದನ್ನೇ ಹಿಡಿಯುತ್ತಾನೆ. ಬಿಲ್ಲಿನಲ್ಲಿ ಅಂಗಡಿಯ ಹೆಸರಿದ್ದು ಸರಕಿನ ಮಾರ್ಕ್ ಇಲ್ಲದಿದ್ದರೆ ಆ ಬಿಲ್ಲಿನಿಂದ ಹೆಚ್ಚು ಉಪಯೋಗವಿಲ್ಲ. ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, ಜಾಹೀರಾತು ಹುಡುಕಿಸಿ. ನೋಂದಣಿ ಅರ್ಜಿಯಲ್ಲಿ 1998ರಿಂದ ಬಳಕೆ ಎಂದು ಬರೆಸಿ, ಬಿಲ್ಲು 2006ರಿಂದ ಮಾತ್ರ ಸಿಕ್ಕರೆ ಪಾಟಿ ಸವಾಲಿನಲ್ಲಿ ಸಾಕ್ಷಿ ಅಲ್ಲೇ ಸಿಕ್ಕಿಬೀಳುತ್ತಾನೆ. ಮಾರ್ಕ್ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆಯೇ, ಅಣ್ಣತಮ್ಮಂದಿರು ಪಾಲಾದಾಗ ಹೆಸರು ಯಾರ ಪಾಲಿಗೆ ಬಂತು ಎಂದೂ ನೋಡಿ. ಮನೆಯೊಳಗಿನ ಜಗಳವೇ ಟ್ರೇಡ್‌ಮಾರ್ಕ್ ವೇಷ ಹಾಕಿ ಬರುವುದು ಹೊಸತಲ್ಲ.

‘ಉಡುಪಿ’ ಎಂಬ ಪದದ ಮೇಲಷ್ಟೇ ಹಕ್ಕು ಸಾಧಿಸಲು ಹೊರಟ ಹೋಟೆಲಿನವರಿಗೆ ಮೊದಲೇ ನಿಜ ಹೇಳಿ. ಅದು ಊರಿನ ಹೆಸರು; 9ನೇ ಕಲಂ ಅಡ್ಡ ಬರುತ್ತದೆ. ಜೊತೆಗಿರುವ ಪದ, ಚಿತ್ರ, ಒಟ್ಟು ವಿನ್ಯಾಸ ಸೇರಿದರಷ್ಟೇ ದಾವೆಗೆ ಬಲ.

ಎಲ್ಲಿ ಹೂಡಬೇಕು? ನೋಂದಾಯಿತ ಮಾರ್ಕಿನ ಉಲ್ಲಂಘನೆಯಾದರೆ ಅದೇ ಕಾಯ್ದೆಯ ಕಲಂ 134(2)ರಂತೆ ವಾದಿಯ ಊರಿನಲ್ಲಿ ಹೂಡಬಹುದು. ಮಾರ್ಕಿಗೆ ನೋಂದಣಿಯಿಲ್ಲದೆ, ಎದುರಾಳಿ ತನ್ನ ಸರಕನ್ನು ನಿಮ್ಮದೆಂದು ಮಾರುತ್ತಾನೆ ಎಂಬ ದೂರಿಗೆ ಆ ಸವಲತ್ತಿಲ್ಲ. ಪ್ರತಿವಾದಿಯ ಊರು, ಇಲ್ಲವೇ ದಾವಾ ಕಾರಣ ಹುಟ್ಟಿದ ಜಾಗ. ಹಾಗಾಗಿ ಆ ಸರಕನ್ನು ಮಂಗಳೂರಿನ ಅಂಗಡಿಯಲ್ಲೇ ಕೊಂಡು ಬಿಲ್ಲು ಇಟ್ಟುಕೊಳ್ಳಿ.

ವಾಣಿಜ್ಯ ದಾವೆಯಲ್ಲಿ ತುರ್ತು ಪರಿಹಾರ ಕೇಳದಿದ್ದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಪ್ರಕಾರ ಮೊದಲು ಮಧ್ಯಸ್ಥಿಕೆ ಕಡ್ಡಾಯ: 3 ತಿಂಗಳು, ಒಪ್ಪಿದರೆ ಇನ್ನೂ 2. ಮಧ್ಯಸ್ಥಿಕೆ ತಪ್ಪಿಸಲು ತುರ್ತಿನ ನೆಪ ಹೂಡುವುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ನಕಲಿ ಸರಕು ಕಣ್ಣಿಗೆ ಬಿದ್ದು ವರ್ಷವಾದ ಮೇಲೆ ತುರ್ತು ಎಂದರೆ ನ್ಯಾಯಾಧೀಶರು ಕಾರಣ ಕೇಳಿಯೇ ಕೇಳುತ್ತಾರೆ.

ವಾದಪತ್ರದ ಜೊತೆ ಸತ್ಯ ಘೋಷಣೆ, ಕೈಯಲ್ಲಿರುವ ಎಲ್ಲ ದಾಖಲೆ, ನಿಮಗೆ ಪ್ರತಿಕೂಲವಾದವೂ ಸೇರಿ, ಹೋಗಬೇಕು. ಉಳಿಸಿಟ್ಟು ಆಮೇಲೆ ಹಾಕೋಣ ಎಂಬ ಹಳೆಯ ಚಾಳಿ ಇಲ್ಲಿ ನಡೆಯುವುದಿಲ್ಲ. ವಾಟ್ಸಾಪ್ ಸಂದೇಶ, ಆನ್‌ಲೈನ್ ಮಾರಾಟದ ಪುಟಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಎ ಭಾಗಕ್ಕೆ ಕಕ್ಷಿದಾರರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ. ಹ್ಯಾಶ್ ಮೌಲ್ಯ (ಕಡತದ ಡಿಜಿಟಲ್ ಬೆರಳಚ್ಚು) ಎರಡರಲ್ಲೂ ನಮೂದಾಗಬೇಕು.

ಏಕಪಕ್ಷೀಯ ತಡೆಯಾಜ್ಞೆ ಸಿಕ್ಕ ಸಂಭ್ರಮದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3 ಮರೆಯಬೇಡಿ. ಅರ್ಜಿ, ಅದರ ಅಫಿಡವಿಟ್ಟು, ವಾದಪತ್ರ, ದಾಖಲೆಗಳ ಪ್ರತಿ ಕೂಡಲೇ ಪ್ರತಿವಾದಿಗೆ ಹೋಗಬೇಕು. ಕಳುಹಿಸಿದ ಬಗ್ಗೆ ಅಫಿಡವಿಟ್ಟನ್ನು ಅಂದೇ ಅಥವಾ ಮರುದಿನ ಸಲ್ಲಿಸಬೇಕು. ತಪ್ಪಿದರೆ ತಡೆಯಾಜ್ಞೆ ತೆರವಿಗೆ ಎದುರಾಳಿಗೆ ನೀವೇ ಕಾರಣ ಕೊಟ್ಟಂತೆ. ಪ್ರತಿವಾದಿಯ ಪರ ಇದ್ದರೆ ಸಮನ್ಸ್ ಜಾರಿಯಾದ ದಿನದಿಂದ 120 ದಿನ ಎಣಿಸಿ. ಅದು ದಾಟಿದರೆ ಲಿಖಿತ ಹೇಳಿಕೆಯ ಹಕ್ಕೇ ಹೋಗುತ್ತದೆ.

ಪಾಟಿ ಸವಾಲಿಗೆ ಹಾಳೆಯ ಎಡಕ್ಕೆ ಪ್ರಶ್ನೆ, ಬಲಕ್ಕೆ ದಾಖಲೆಯ ಪುಟಸಂಖ್ಯೆ ಬರೆದುಕೊಳ್ಳಿ. ಮೊದಲು ಬಳಕೆಯ ದಿನಾಂಕವನ್ನು ಸಾಕ್ಷಿಯ ಬಾಯಿಂದಲೇ ಗಟ್ಟಿ ಮಾಡಿಸಿ, ಆಮೇಲೆ ಬಿಲ್ಲು ತೋರಿಸಿ. ‘ಏಕೆ’ ಎಂದು ಕೇಳಬೇಡಿ, ಅವನಿಗೆ ವಿವರಣೆಗೆ ದಾರಿ ಸಿಗುತ್ತದೆ.

ನಿಮ್ಮ ನೋಂದಣಿಯೇ ಅಸಿಂಧು ಎಂದು ಪ್ರತಿವಾದಿ ಹೇಳಿ, ಅದರಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ, ಟ್ರೇಡ್‌ಮಾರ್ಕ್ ಕಾಯ್ದೆಯ 124ನೇ ಕಲಂ ಪ್ರಕಾರ ನೋಂದಣಿಯ ರದ್ದತಿಗೆ ಅರ್ಜಿ ಹಾಕಲು ಅವನಿಗೆ 3 ತಿಂಗಳು ಮುಂದೂಡಿಕೆ ಸಿಗುತ್ತದೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ನಂತರ ಆ ರದ್ದತಿ ಅರ್ಜಿ ಹೈಕೋರ್ಟಿಗೆ ಹೋಗುತ್ತದೆ. ಆ 3 ತಿಂಗಳೊಳಗೆ, ಅಥವಾ ನ್ಯಾಯಾಲಯ ಕೊಟ್ಟ ಹೆಚ್ಚುವರಿ ಅವಧಿಯಲ್ಲಿ, ಅರ್ಜಿ ಬೀಳದಿದ್ದರೆ ಆ ವಾದವನ್ನು ಕೈಬಿಟ್ಟಂತೆಯೇ ಲೆಕ್ಕ.