ಶ್ರೀಲಂಕಾದಲ್ಲಿ ಇಪಿಎಲ್ ಮಾಡಿಸಿದ್ದು: ನನ್ನ ಅನುಭವ

ಬೆಂಗಳೂರಿನ ಗಾರ್ಮೆಂಟ್ ಉದ್ಯಮದವರು ಕೆಲಸಕ್ಕೆ ಶ್ರೀಲಂಕಾಗೆ ಹೋಗುವುದು ಹೊಸದೇನಲ್ಲ. ನಾನು ಅಲ್ಲಿ ಒಂದು ಜೀನ್ಸ್ ವಾಷಿಂಗ್ ಘಟಕದ ಪರಿಸರ ವಿಭಾಗ ನೋಡಿಕೊಳ್ಳುತ್ತಿದ್ದೆ. ಇಪಿಎಲ್, ಅಂದರೆ ಪರಿಸರ ಸಂರಕ್ಷಣಾ ಲೈಸೆನ್ಸ್, ನವೀಕರಿಸುವುದು ನನ್ನ ಪಾಲಿಗೆ ಬಂತು.

ನಮ್ಮಲ್ಲಿ ನೀರಿಗೆ 1974ರ ಕಾಯ್ದೆ, ಗಾಳಿಗೆ 1981ರ ಕಾಯ್ದೆ. ಅಲ್ಲಿ 1980ರ ರಾಷ್ಟ್ರೀಯ ಪರಿಸರ ಕಾಯ್ದೆಯ ಕೆಳಗೆ ಕೊಳಚೆ ನೀರು, ಹೊಗೆ, ಸದ್ದು ಎಲ್ಲಕ್ಕೂ ಒಂದೇ ಲೈಸೆನ್ಸ್. ನಾನಿದ್ದಾಗ 2008ರ ನಿಯಮ ನಡೆಯುತ್ತಿತ್ತು. ಜಾಸ್ತಿ ಮಾಲಿನ್ಯದ ಎ ಪಟ್ಟಿಯವರು ವರ್ಷ ವರ್ಷ ನವೀಕರಿಸಬೇಕಿತ್ತು. ನಾವು ಎ ಪಟ್ಟಿಯಲ್ಲೇ ಇದ್ದೆವು.

ಅರ್ಜಿ ತುಂಬುವುದು ಕಷ್ಟವಿರಲಿಲ್ಲ, ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಕೊಟ್ಟರೆ ಸಾಕಿತ್ತು. ಕಷ್ಟ ಇದ್ದದ್ದು ನೀರಿನ ಬಣ್ಣದಲ್ಲಿ. ಸಿಒಡಿ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕದ ಲೆಕ್ಕ, ಲೀಟರಿಗೆ 250 ಮಿಲಿಗ್ರಾಂ ದಾಟಬಾರದಿತ್ತು, ಅದು ಹೇಗೋ ಹಿಡಿತಕ್ಕೆ ಬರುತ್ತಿತ್ತು. ಬಣ್ಣವನ್ನು ಮಾತ್ರ 436, 525, 620 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತಿದ್ದರು. ಜೀನ್ಸಿನ ಇಂಡಿಗೊ ನೀಲಿ ಸಿಕ್ಕಿಬೀಳುವುದು 620ರಲ್ಲಿ. ಕಣ್ಣಿಗೆ ತಿಳಿಯಾಗಿ ಕಂಡ ನೀರೂ ಅಲ್ಲಿ ಫೇಲ್ ಆಗಬಹುದು.

ಹಾಗಾಗಿ ಮೊದಲ ತೊಳೆತದ ನೀರನ್ನು ಬೇರೆ ಟ್ಯಾಂಕಿಗೆ ತಿರುಗಿಸಿದೆ. ಬಟ್ಟೆಯ ಗಂಜಿಯೆಲ್ಲ ಬಿಡುವುದು ಅದರಲ್ಲೇ. ಅದನ್ನು ಇಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ, ಒಮ್ಮೆಲೇ ಸುರಿಯದೆ ದಿನವಿಡೀ ಸ್ವಲ್ಪ ಸ್ವಲ್ಪ ಬಿಟ್ಟೆವು. ಪ್ರತಿ ಶಿಫ್ಟಿನಲ್ಲೂ 620ರ ರೀಡಿಂಗ್ ಪುಸ್ತಕದಲ್ಲಿ ಬರೆಸಿದೆ. ತಪಾಸಣೆಗೆ ಬಂದ ಅಧಿಕಾರಿ ಲ್ಯಾಬ್ ವರದಿಯನ್ನು ಪಕ್ಕಕ್ಕಿಟ್ಟು ಆ ಪುಸ್ತಕವನ್ನೇ ಹಾಳೆ ಹಾಳೆ ತಿರುವಿ ನೋಡಿದರು. ಆಮೇಲೆ ಚರಂಡಿ ಹಿಡಿದು ಗೇಟಿನಾಚೆ ನಡೆದುಬಿಟ್ಟರು. "ಆ ಮನೆಯವರ ಬಾವಿ ನೀರು ಪರೀಕ್ಷೆ ಮಾಡಿಸಿದ್ದೀರಾ?" ಅಂದರು. ಮಾಡಿಸಿದ್ದೆ. ಫೈಲ್ ತೆಗೆದು ತೋರಿಸಿದೆ.

ಬಾವಿ ನೀರು ಲೈಸೆನ್ಸಿನ ಷರತ್ತಿನಲ್ಲಿರಲಿಲ್ಲ. ಆದರೂ ಮಾಡಿಸಿದ್ದಕ್ಕೆ ಕಾರಣ ಅಲ್ಲಿನ ಕೋರ್ಟುಗಳು. ನೆರೆಯವರು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 98ನೇ ಸೆಕ್ಷನ್ ಹಿಡಿದು ಮ್ಯಾಜಿಸ್ಟ್ರೇಟರ ಹತ್ತಿರ ಹೋದರೆ, ಸಾರ್ವಜನಿಕ ಉಪದ್ರವ ನಿಲ್ಲಿಸಿ ಅಂತ ಆದೇಶ ಬರಬಹುದು. ಮೂಲಭೂತ ಹಕ್ಕಿನ ದೂರನ್ನಂತೂ ಸಂವಿಧಾನದ 126ನೇ ವಿಧಿಯಂತೆ ಒಂದು ತಿಂಗಳೊಳಗೆ ನೇರ ಸುಪ್ರೀಂ ಕೋರ್ಟಿಗೇ ಒಯ್ಯಬಹುದು. 2000ರಲ್ಲಿ ಎಪ್ಪಾವಲದ ರೈತರು ಮತ್ತು ಅಲ್ಲಿನ ವಿಹಾರದ ಭಿಕ್ಷು ಹೀಗೇ ಹೋಗಿ ದೊಡ್ಡ ಫಾಸ್ಫೇಟ್ ಗಣಿ ಒಪ್ಪಂದವನ್ನೇ ತಡೆದರು. ಜಾಫ್ನಾ ಹತ್ತಿರದ ಚುನ್ನಾಕಂನಲ್ಲಿ ವಿದ್ಯುತ್ ಸ್ಥಾವರದ ಎಣ್ಣೆ ಅಂತರ್ಜಲಕ್ಕೆ ಸೇರಿದ ಪ್ರಕರಣದಲ್ಲಿ, 2019ರಲ್ಲಿ ಅಲ್ಲಿನ ಜನರಿಗೆ 2 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಿಸಿತು ಕೋರ್ಟು. ಕುಡಿಯುವ ಬಾವಿಯಲ್ಲಿ ಎಣ್ಣೆ ತೇಲಿದರೆ ಆ ಮನೆಯವರು ಎಲ್ಲಿಗೆ ಹೋಗಬೇಕು ಹೇಳಿ? ಆ ತೀರ್ಪು ಓದಿದ ಮೇಲೆ ಲೈಸೆನ್ಸ್ ಇದೆ ಅಂತ ಸುಮ್ನೆ ಕೂರಲು ನನಗೆ ಮನಸ್ಸು ಬರಲಿಲ್ಲ.

ಅಲ್ಲಿ ಕೆಲಸಕ್ಕೆ ಹೋಗುವವರು ಘಟಕ ಶುರುವಾಗುವ ಮೊದಲೇ ಸುತ್ತಲ ಬಾವಿಗಳ ನೀರು ಪರೀಕ್ಷೆ ಮಾಡಿಸಿ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಮತ್ತೆ ಮಾಡಿಸಿ. ವರದಿಯ ಒಂದು ಪ್ರತಿ ಆ ಮನೆಯವರ ಕೈಗೂ ಕೊಡಿ, ಅವರು ಓದುವ ಸಿಂಹಳ ಅಥವಾ ತಮಿಳಿನಲ್ಲೇ.