ತಣ್ಣಗಿನ ಎಂಜಿನ್ನಿಗೆ ದಿನಕ್ಕೊಂದೇ ಪ್ರಶ್ನೆ

ಬೆಳಿಗ್ಗೆ ಸ್ಟಾರ್ಟ್ ಆಗದ ಕಾರನ್ನು ಗ್ಯಾರೇಜಿಗೆ ಒಯ್ಯುವುದರಲ್ಲೇ ಒಂದು ತಮಾಷೆ ಇದೆ. ಅಲ್ಲಿಗೆ ಹೋಗಬೇಕಾದರೆ ಅದು ಸ್ಟಾರ್ಟ್ ಆಗಲೇಬೇಕು. ಹೋಗಿ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ. ಮೆಕ್ಯಾನಿಕ್ ಕೀ ತಿರುಗಿಸಿದ ಕೂಡಲೇ ಗುರ್ ಅಂತ ಎದ್ದು ಕೂರುತ್ತದೆ. "ಎಂತದೂ ಇಲ್ಲ ಮಾರಾಯ್ರೇ, ಬೇಕಾದರೆ ಬ್ಯಾಟರಿ ಬದಲಿಸಿ ನೋಡಿ" ಅನ್ನುತ್ತಾರೆ. ಅವರನ್ನು ದೂರುವ ಹಾಗಿಲ್ಲ. ತೊಂದರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಇದು ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನಲ್ಲಿ ಮಾತ್ರ ಕಾಣುವ ದೋಷ. ಒಮ್ಮೆ ಸ್ಟಾರ್ಟ್ ಆಯಿತೋ, ಆ ದಿನದ ಪರೀಕ್ಷೆ ಮುಗಿಯಿತು. ಮತ್ತೆ ಮರುದಿನ ಬೆಳಗಾಗಬೇಕು. ಹಾಗಾಗಿ ಇದನ್ನು ಹುಡುಕಬೇಕಾದವರು ಕಾರು ಇಟ್ಟುಕೊಂಡ ನಾವೇ. ನಾಳೆ ಬೆಳಿಗ್ಗೆ ಏನು ನೋಡಬೇಕು ಅಂತ ಇವತ್ತು ರಾತ್ರಿಯೇ ತೀರ್ಮಾನ ಮಾಡಿಟ್ಟುಕೊಳ್ಳಬೇಕು. ಸುಮ್ನೆ ಹೋಗಿ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿಯೂ ಹೋಗುತ್ತದೆ, ಸುಳಿವೂ ಹೋಗುತ್ತದೆ.

ನನ್ನದು ಇಪ್ಪತ್ತು ವರ್ಷ ದಾಟಿದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಇಂಜೆಕ್ಟರ್ ಮೂಲಕ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಪದ್ಧತಿ, ಬಂದ ಹೊಸತರದ್ದು. ದೋಷ ಓದಲು ಈಗಿನ ಕಾರುಗಳಿಗೆ ಹಾಕುವ ಸ್ಕ್ಯಾನರ್ ಇದಕ್ಕೆ ಹೊಂದುವುದಿಲ್ಲ. ಮನೆ ಸಿರ್ಸಿ ಹತ್ತಿರ. ಕಾರು ಮಾತ್ರ ಬಹಳ ವರ್ಷ ಕಾರವಾರದಲ್ಲಿ ಸಮುದ್ರದ ಗಾಳಿ ಕುಡಿದು ಬಂದದ್ದು. ಈಗಲೂ ಕೆಲಸದ ಮೇಲೆ ಘಟ್ಟದ ಕೆಳಗೆ ಹೋಗಿ ಉಳಿಯುವುದುಂಟು.

ಮೊದಲ ಸುಳಿವು ಸಿಕ್ಕಿದ್ದು ಅಲ್ಲೇ. ಕಾರವಾರದಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸರಿಯಾಗೇ ಸ್ಟಾರ್ಟ್ ಆಗುತ್ತಿತ್ತು. ದೇವಿಮನೆ ಘಟ್ಟ ಹತ್ತಿ ಮನೆಗೆ ಬಂದು ನಿಲ್ಲಿಸಿದರೆ ಮರುದಿನ ತಕರಾರು. ಅದೇ ಕಾರು, ಅದೇ ಪೆಟ್ರೋಲು, ಅದೇ ಬ್ಯಾಟರಿ. ಊರಿನಲ್ಲಿ ಎಲ್ಲರೂ "ಥಂಡಿ ಹಿಡಿದಿದೆ, ವೈರ್ ಒದ್ದೆಯಾಗಿರಬೇಕು" ಅಂದರು. ಆದರೆ ತೇವದ ವಿಷಯಕ್ಕೆ ಬಂದರೆ ಕಾರವಾರವೇನು ಕಡಿಮೆಯೇ? ತೇವವೇ ಕಾರಣವಾಗಿದ್ದರೆ ಅಲ್ಲೂ ಕಾಡಬೇಕಿತ್ತು. ಎರಡು ಊರಿಗೂ ಎದ್ದು ಕಾಣುವ ವ್ಯತ್ಯಾಸ ಅಂದರೆ ಚಳಿ. ಸಿರ್ಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಬೆಳಿಗ್ಗೆ 15 ಡಿಗ್ರಿ ಆಸುಪಾಸು ಇರುತ್ತದೆ. ಕರಾವಳಿಯಲ್ಲಿ ಅಷ್ಟು ಇಳಿಯುವುದು ಅಪರೂಪ.

15 ಡಿಗ್ರಿ ಎಂಜಿನ್ನಿಗೆ ದೊಡ್ಡ ಚಳಿಯೇ ಅಲ್ಲ. ಹಿಮ ಬೀಳುವ ಊರುಗಳಲ್ಲೂ ಕಾರುಗಳು ಓಡುತ್ತವೆ. ಹಾಗಾಗಿ ಒಳಗೆ ಮೊದಲೇ ಏನೋ ಕೆಟ್ಟಿದೆ, ಚಳಿ ಅದನ್ನು ಎತ್ತಿ ತೋರಿಸುತ್ತಿದೆ ಅಂತ ಇಟ್ಟುಕೊಂಡು ಹೊರಟೆ.

ಮಳೆಗಾಲದ ಕಥೆ ಬೇರೆ. ಜುಲೈ ತಿಂಗಳಲ್ಲಿ ಸ್ಟಾರ್ಟ್ ಆಗದಿದ್ದರೆ ಕಿಡಿ ಹಾರಿಸುವ ಪ್ಲಗ್ಗಿನ ವೈರು, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಮುಚ್ಚಳ, ಇವನ್ನೇ ಮೊದಲು ನೋಡಬೇಕು. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ಬಾನೆಟ್ ಎತ್ತಿ. ವೈರುಗಳ ಸುತ್ತ ಸ್ವಲ್ಪವೇ ನೀರು ಸಿಂಪಡಿಸಿ. ರಬ್ಬರ್ ಬಿರುಕು ಬಿಟ್ಟಿದ್ದರೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಕೊಟ್ಟಿಗೆ ಪಕ್ಕ ನಿಲ್ಲಿಸುವವರು ಏರ್ ಫಿಲ್ಟರ್ ಡಬ್ಬವನ್ನೂ ಬಿಚ್ಚಿ ನೋಡಿ. ಇಲಿ ಗೂಡು ಕಟ್ಟಿದ್ದು, ವೈರ್ ಕಡಿದಿಟ್ಟದ್ದು ನಮ್ಮ ಕಡೆ ಹೊಸತೇನಲ್ಲ.

ಮೊದಲು ಕರೆಂಟಿನ ಲೆಕ್ಕ ಹಿಡಿದೆ. ಕೈಯಲ್ಲಿದ್ದದ್ದು ಒಂದು ಸಾದಾ ಮಲ್ಟಿಮೀಟರ್. ಬೆಳಿಗ್ಗೆ ಏನನ್ನೂ ಆನ್ ಮಾಡುವ ಮೊದಲು ಬ್ಯಾಟರಿ ಅಳೆಯಬೇಕು. 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಆಮೇಲೆ ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ನೋಡಬೇಕು. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸುಸ್ತಾಗಿದೆ ಅಂತ. ನನ್ನದು 10ಕ್ಕಿಂತ ಮೇಲೆಯೇ ನಿಂತಿತ್ತು. ಅಂದರೆ ಬ್ಯಾಟರಿ ಚೆನ್ನಾಗಿದೆ. ಆದರೂ ಎಂಜಿನ್ ಎಳೆದೆಳೆದು ತಿರುಗುತ್ತಿತ್ತು.

ಇಲ್ಲಿ ಒಂದು ಉಪಾಯ ಹೇಳಬೇಕು. ಈ ಪರೀಕ್ಷೆ ಮಾಡುವಾಗ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತಿಡಿ. ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ, ಬಿಸಿಯೂ ಆಗುವುದಿಲ್ಲ. ಹಾಗೆ ಮಾಡಿದರೆ ಅದೇ ಬೆಳಿಗ್ಗೆ ಪೆಟ್ರೋಲಿನ ಪರೀಕ್ಷೆಯನ್ನೂ ಮಾಡಬಹುದು.

ಬ್ಯಾಟರಿ ಸರಿ ಇದ್ದು ಸೆಲ್ಫ್ ನಿಧಾನ ಅಂದರೆ ಕರೆಂಟಿನ ದಾರಿಯಲ್ಲಿ ಎಲ್ಲೋ ತಡೆ ಇರಬಹುದು. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಮೊಳೆಗೆ, ಇನ್ನೊಂದು ತುದಿ ಎಂಜಿನ್ನಿನ ಕಬ್ಬಿಣಕ್ಕೆ. ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಇಲ್ಲಿ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬಹುದು. ನನಗೆ ಬಂದದ್ದು ಒಂದು ವೋಲ್ಟಿಗೆ ಹತ್ತಿರ! ಬಗ್ಗಿ ನೋಡಿದರೆ ಬಾಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಅರ್ತ್ ಕೇಬಲಿನ ತುದಿ ಹಸಿರು ಹಿಡಿದು ಪುಡಿಪುಡಿಯಾಗಿತ್ತು. ಕಾರವಾರದ ಉಪ್ಪುಗಾಳಿಯ ಕೆಲಸ. ಕರಾವಳಿಯ ಕಾರು ಕೊಳ್ಳುವವರು ಪೇಂಟ್ ನೋಡುತ್ತಾರೆ, ಚಾಸಿ ನೋಡುತ್ತಾರೆ. ಈ ಕೇಬಲ್ ನೋಡುವವರು ಕಡಿಮೆ. ಹೊಸ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿದೆ. ಸೆಲ್ಫ್ ಗಟ್ಟಿಯಾಯಿತು.

ಆದರೂ ಕಾರು ಬೇಗ ಸ್ಟಾರ್ಟ್ ಆಗಲಿಲ್ಲ. ಈಗ ಜೋರಾಗಿ ತಿರುಗುತ್ತಾ ಸ್ಟಾರ್ಟ್ ಆಗದೇ ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ಹಳೇ ಕಾರಿನಲ್ಲಿ ಒಂದೇ ದೋಷ ಇರಬೇಕು ಅನ್ನೋ ಕಾನೂನೇನೂ ಇಲ್ಲ ಅಲ್ವಾ.

ಹಾಗೆ ಕೈಕೊಟ್ಟ ಕೂಡಲೇ ಪ್ಲಗ್ ಬಿಚ್ಚಿ ನೋಡಬೇಕು. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಕಿಡಿ ಇಲ್ಲ, ಅಥವಾ ಪೆಟ್ರೋಲ್ ಓವರ್ ಆಗಿದೆ. ಇಂಜೆಕ್ಟರ್ ರಾತ್ರಿಯಿಡೀ ತೊಟ್ಟಿಕ್ಕಿದ್ದರೂ ಹೀಗೇ ಆಗುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಎಷ್ಟೋ ಕಾರುಗಳು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆದುಕೊಳ್ಳುತ್ತವೆ. ನನ್ನ ಪ್ಲಗ್ಗುಗಳು ಒಣಗಿದ್ದವು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ.

ಕಾರ್ಬುರೇಟರ್ ಕಾರು ಓಡಿಸಿದ ಹಿರಿಯರು ಇಂಥಾ ಹೊತ್ತಲ್ಲಿ ಪೆಡಲ್ ಪಂಪ್ ಮಾಡಲು ಹೇಳುತ್ತಾರೆ. ಅವರ ಕಾರಿನಲ್ಲಿ ಅದು ಸರಿಯೇ. ಪ್ರತಿ ಒತ್ತಿಗೂ ಸ್ವಲ್ಪ ಪೆಟ್ರೋಲ್ ಚಿಮ್ಮುತ್ತಿತ್ತು, ಜೊತೆಗೆ ಚೋಕ್ ಬೇರೆ. ಎಂಪಿಎಫ್ಐ ಕಾರಿನಲ್ಲಿ ಪೆಡಲ್ ತೆರೆಯುವುದು ಗಾಳಿಯ ಬಾಗಿಲನ್ನು ಮಾತ್ರ. ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವುದು ಕಂಪ್ಯೂಟರ್.

ಮರುದಿನದ ಪ್ರಶ್ನೆ ಪಂಪಿನದು. ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗೆ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನುತ್ತಿತ್ತು. ಪಂಪಿನ ವಾಲ್ವ್ ಸವೆದಿದ್ದರೆ ರಾತ್ರಿ ಪೈಪಿನ ಒತ್ತಡ ಇಳಿದುಹೋಗಿರುತ್ತದೆ. ಆಗ ಸೆಲ್ಫ್ ಹೊಡೆಯದೆ ಕೀಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿದರೆ ಒತ್ತಡ ಮತ್ತೆ ಏರಿ ಕಾರು ಸ್ಟಾರ್ಟ್ ಆಗುತ್ತದೆ. ನನ್ನದರಲ್ಲಿ ಏನೂ ಬದಲಾಗಲಿಲ್ಲ. ಯೋಚಿಸಿ ನೋಡಿದರೆ ಒತ್ತಡ ಇಳಿಯುವ ದೋಷಕ್ಕೆ ಕಾರವಾರ, ಸಿರ್ಸಿ ಎರಡೂ ಒಂದೇ ಆಗಬೇಕಿತ್ತು.

ಇನ್ನೊಂದು ಬೆಳಿಗ್ಗೆ ಏರ್ ಫಿಲ್ಟರಿನ ಪೈಪ್ ಬಿಚ್ಚಿ ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸ್ಪ್ರೇ ಒಂದೇ ಚಿಮ್ಮು ಒಳಗೆ ಬಿಟ್ಟು, ಪೈಪ್ ವಾಪಸ್ ಹಾಕಿ, ಆಮೇಲೆ ಸೆಲ್ಫ್ ಹೊಡೆದೆ. ತಕ್ಷಣ ಹಿಡಿಯಿತು. (ಪೈಪ್ ಹಾಕದೆ, ಮುಖ ಒಳಗಿಟ್ಟು, ಪಕ್ಕದಲ್ಲಿ ಬೀಡಿ ಸೇದುವವರನ್ನು ನಿಲ್ಲಿಸಿಕೊಂಡು ಇದನ್ನು ಮಾಡಬೇಡಿ.) ಹಾಗಾದರೆ ಕಿಡಿ ಇದೆ, ಸಿಲಿಂಡರಿನೊಳಗೆ ಒತ್ತಡ (ಕಂಪ್ರೆಷನ್) ಇದೆ, ಪಂಪ್ ಇದೆ. ಕಂಪ್ಯೂಟರ್ ಮಾತ್ರ ಚಳಿಗೆ ಬೇಕಾದಷ್ಟು ಪೆಟ್ರೋಲ್ ಕೊಡುತ್ತಿಲ್ಲ. ಎಂಜಿನ್ ತಣ್ಣಗಿದೆ ಅಂತ ಅದಕ್ಕೆ ಗೊತ್ತಾಗುವುದು ಎಂಜಿನ್ ತಣಿಸುವ ನೀರಿನ (ಕೂಲಂಟ್) ಉಷ್ಣತೆ ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರಿನಿಂದ.

ಈ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದ ಹಾಗೆ ಕಡಿಮೆ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ರಾತ್ರಿಯಿಡೀ ನಿಂತ ಎಂಜಿನ್ನಿನ ಉಷ್ಣತೆಯೂ ಅಂಗಳದ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬೆಳಿಗ್ಗೆ ಸೆನ್ಸರ್ ಅಳೆದು ಪಕ್ಕದಲ್ಲಿ ಥರ್ಮಾಮೀಟರ್ ನೋಡಿದರೆ ಸಾಕು, ಸುಳ್ಳು ಗೊತ್ತಾಗುತ್ತದೆ. ನನ್ನದು ಮೂರು ಕಿಲೋಓಮ್ ಹತ್ತಿರ ತೋರಿಸಬೇಕಿತ್ತು. ತೋರಿಸಿದ್ದು ಒಂದು ಚಿಲ್ಲರೆ. ಅದು ಸುಮಾರು 40 ಡಿಗ್ರಿಯ ಲೆಕ್ಕ! ನಾನು ಸ್ವೆಟರ್ ಹಾಕಿಕೊಂಡು ನಿಂತಿದ್ದರೆ ಕಾರಿನ ಕಂಪ್ಯೂಟರಿಗೆ ಬೇಸಿಗೆಯ ಮಧ್ಯಾಹ್ನ. ಕಾರವಾರದ ಬೆಚ್ಚಗಿನ ಬೆಳಿಗ್ಗೆಗೂ 40 ಡಿಗ್ರಿಗೂ ಅಂತರ ಕಡಿಮೆ. ಅದಕ್ಕೇ ಅಲ್ಲಿ ಹೇಗೋ ನಡೆಯುತ್ತಿತ್ತು.

ಸೆನ್ಸರ್ ಕೊಳ್ಳುವ ಮೊದಲು ಇನ್ನೊಂದು ಖಾತ್ರಿ ಬೇಕಿತ್ತು. ರೇಡಿಯೋ ರಿಪೇರಿ ಅಂಗಡಿಯಿಂದ 3.3 ಕಿಲೋಓಮಿನ ಒಂದು ರೆಸಿಸ್ಟರ್ ತಂದೆ. ಚಹಾಕ್ಕಿಂತ ಅಗ್ಗ. ಮರುದಿನ ಬೆಳಿಗ್ಗೆ ಸೆನ್ಸರಿನಿಂದ ವೈರಿನ ಕನೆಕ್ಟರ್ ಬಿಚ್ಚಿ, ಆ ಕನೆಕ್ಟರಿನ ಎರಡು ತುದಿಗಳ ನಡುವೆ ರೆಸಿಸ್ಟರ್ ಸಿಕ್ಕಿಸಿ ಕೀ ತಿರುಗಿಸಿದೆ. ಒಂದೇ ಹೊಡೆತಕ್ಕೆ ಸ್ಟಾರ್ಟ್. ಪರೀಕ್ಷೆಗೆ ಮಾತ್ರ ಇದು. ಹಾಗೇ ಓಡಿಸಬಾರದು. ಎಂಜಿನ್ ಕಾದರೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಾ ಇರುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನೂ ಇದನ್ನೇ ನಂಬಿಕೊಂಡಿರುತ್ತದೆ.

ಪಕ್ಕದ ಮನೆಯ ಡೀಸೆಲ್ ಜೀಪಿಗೆ ಬ್ಯಾಟರಿ, ಅರ್ತ್ ಪರೀಕ್ಷೆ ಬಿಟ್ಟರೆ ಕಿಡಿಯ, ಪೆಟ್ರೋಲಿನ ಈ ಪರೀಕ್ಷೆಗಳು ಅನ್ವಯಿಸುವುದಿಲ್ಲ. ಅದರಲ್ಲಿ ಪ್ಲಗ್ ಕಿಡಿಯೇ ಇಲ್ಲ. ಚಳಿಯಲ್ಲಿ ಬಿಳಿ ಹೊಗೆ ಬಿಟ್ಟು ನಡುಗುತ್ತಾ ಎದ್ದರೆ, ಹೀಟರ್ ಪ್ಲಗ್ ಇರುವ ಜೀಪಾದರೆ ಅದರ ವೈರ್ ಬಿಚ್ಚಿ ಒಂದೊಂದನ್ನೇ ಅಳೆಯಿರಿ. ಒಳ್ಳೆಯದು ಒಂದು ಓಮ್ ಆಸುಪಾಸು ತೋರಿಸುತ್ತದೆ. ಸುಟ್ಟದ್ದು ಏನೂ ತೋರಿಸುವುದಿಲ್ಲ.

ಸೆನ್ಸರ್ ತರುವಾಗ ಒಂದು ಎಚ್ಚರ. ಎಷ್ಟೋ ಹಳೇ ಕಾರುಗಳಲ್ಲಿ ಇಂಥವು ಎರಡಿರುತ್ತವೆ. ಒಂದು ವೈರಿನದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಎರಡು ವೈರಿನದು ಕಂಪ್ಯೂಟರಿಗೆ. ಮುಳ್ಳು ಸರಿ ತೋರಿಸುತ್ತಿದೆ ಅಂದ ಮಾತ್ರಕ್ಕೆ ಇನ್ನೊಂದು ಸರಿ ಇದೆ ಅಂತಲ್ಲ. ಅಂಗಡಿಗೆ ಹಳೆಯದನ್ನೇ ಒಯ್ದು ತೋರಿಸಿ. ತಂದ ಹೊಸದನ್ನೂ ಹಾಕುವ ಮೊದಲು ಲೋಟದ ನೀರಿನಲ್ಲಿ ತುದಿ ಅದ್ದಿ ಅಳೆದುಕೊಳ್ಳಿ. ಎಂಜಿನ್ ತಣ್ಣಗಿರುವಾಗಲೇ ಬದಲಿಸಿ. ಬಿಸಿ ಇದ್ದಾಗ ಬಿಚ್ಚಿದರೆ ಕುದಿಯುವ ಕೂಲಂಟ್ ಮೈಮೇಲೆ ಬರುತ್ತದೆ. ಚೆಲ್ಲಿದಷ್ಟನ್ನು ಮತ್ತೆ ತುಂಬಿ, ಗಾಳಿ ಹೋಗುವವರೆಗೆ ಎಂಜಿನ್ ಓಡಿಸಿ.

ಸೆನ್ಸರ್ ಬದಲಿಸಿದ ಮೇಲೆ ಈಗ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಐಡಲ್ (ಪೆಡಲ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ) ಸ್ವಲ್ಪ ಮೇಲೇರಿ ನಿಂತು, ಎಂಜಿನ್ ಕಾದ ಹಾಗೆ ತಾನಾಗಿ ಇಳಿಯುತ್ತದೆ. ಮೊದಲು ಅದು ಏರುತ್ತಲೇ ಇರಲಿಲ್ಲ. ನಿಮ್ಮ ಕಾರಿನಲ್ಲೂ ಹಾಗಿದ್ದರೆ ಪಂಪ್, ಇಂಜೆಕ್ಟರ್ ಅಂತ ಹೊರಡುವ ಮೊದಲು ಈ ಸೆನ್ಸರ್ ಅಳೆದು ನೋಡಿ.